ಮೂಸಿ ನೋಡಿ ಮನೆಗೆ ಬಿಡುವುದು

ನೀವು ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಶಿಕ್ಷಕಿ ಎನ್ನುತ್ತೇನೆ. ಯಾವ ತರಗತಿ ಎಂದರೆ ಮೂರು-ನಾಲ್ಕು ವರ್ಷದ ಮಕ್ಕಳು ಎನ್ನುತ್ತೇನೆ. ಅವರಿಗೇನು ಕಲಿಸುತ್ತೀರಿ ಎಂದು ಕೇಳಿದಾಗ ಮಾತ್ರ ನನಗೆ ಸಿಟ್ಟು ಬರುತ್ತದೆ. ಏಕೆಂದರೆ ಉತ್ತರ ಕೇಳಿ ಅವರು ನಗುತ್ತಾರೆ. ಬಾಗಲಕೋಟೆಯ ವಿದ್ಯಾಗಿರಿಯ ಒಂದು ಓಣಿಯಲ್ಲಿರುವ ನಮ್ಮ ಶಾಲೆಯಲ್ಲಿ ಮಕ್ಕಳು ಆಡುತ್ತಾರೆ, ಅಷ್ಟೇ. ಪಾಟಿಯಿಲ್ಲ, ಬಳಪವಿಲ್ಲ, ಎಬಿಸಿಡಿ ಇಲ್ಲ. ಒಂದು ಮೂಲೆಯಲ್ಲಿ ಆಟದ ಅಡುಗೆಮನೆ, ಇನ್ನೊಂದರಲ್ಲಿ ಮರದ ತುಂಡುಗಳ ರಾಶಿ, ಮತ್ತೊಂದರಲ್ಲಿ ದವಾಖಾನೆ, ಹೊರಗೆ ಮರಳಿನ ತೊಟ್ಟಿ. ನಾನು ಆ ವರ್ಗದ ಮುಖ್ಯ ಶಿಕ್ಷಕಿ. ಅಂದರೆ ದವಾಖಾನೆಯಲ್ಲಿ ದಿನವಿಡೀ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವಳು, ಅಡುಗೆಮನೆಯಲ್ಲಿ ಮರಳಿನ ಉಪ್ಪಿಟ್ಟು ತಿಂದು ಉಪ್ಪು ಸ್ವಲ್ಪ ಕಡಿಮೆ ಎನ್ನುವವಳು.

"ಇದಕ್ಕೂ ಪಗಾರ ಕೊಡ್ತಾರೇನವಾ?" ಎಂದು ನಮ್ಮತ್ತೆ ಒಮ್ಮೆ ಕೇಳಿದ್ದರು. ಕುಹಕವೇನೂ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವರಿಗೆ.

ತರಬೇತಿಯಲ್ಲಿ ನಮಗೆ ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: ಆಟ ಮಗುವಿನದು, ನೀವು ಅದರ ಹಿಂದೆ ಹೋಗಿ. ಹೀಗೆ ಹೇಳಿದವರು ಒಂದೇ ಹೊತ್ತಿಗೆ ಇಡೀ ವರ್ಗದ ಹಿಂದೆ ಹೋದವರಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ನಮ್ಮಲ್ಲಿ ಎತ್ತುಗಳೂ ಬೇಕಾದಷ್ಟು, ಕೋಣಗಳೂ ಬೇಕಾದಷ್ಟು, ನೀರಂತೂ ನೆಲದ ತುಂಬ. ಅದನ್ನು ಒರೆಸಲು ನನ್ನ ಜೊತೆ ಒಬ್ಬ ಸಹಾಯಕಿ ಇದ್ದಾಳೆ. ಹಳೇ ಬಾಗಲಕೋಟೆಯ ಮುಸ್ಲಿಂ ಮನೆತನದವಳು, ಮಕ್ಕಳೆಲ್ಲ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ, ನಾನೂ ಎನ್ನುತ್ತೇನೆ. ಭೂಕಂಪವಾದರೂ ಮೊದಲು ಚಹಾ ಮುಗಿಸಿ ಏಳುವ ಹೆಂಗಸು. ನನ್ನಂಥ ಮುಂಗೋಪಿಗೆ ಅಂಥವಳು ಜೊತೆಗಿದ್ದದ್ದು ಮಕ್ಕಳ ಪುಣ್ಯ.

ಆ ಹುಡುಗಿ ಬಂದದ್ದು ಶಾಲೆ ಶುರುವಾಗಿ ತಿಂಗಳಾದ ಮೇಲೆ. ನಾಲ್ಕು ವರ್ಷ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಕೊರಳಲ್ಲಿ ಕರಿದಾರ, ಮುಖದಲ್ಲಿ ತಹಶೀಲ್ದಾರರ ಗಾಂಭೀರ್ಯ. ಬಾಗಿಲ ಪಕ್ಕ ಒಂದು ಪಾದದ ಮೇಲೆ ಇನ್ನೊಂದು ಪಾದವಿಟ್ಟು ನಿಂತಳು. ಮರಳಲ್ಲಿ ಆಡುತ್ತೀಯಾ ಎಂದೆ, ಉತ್ತರವಿಲ್ಲ. ಗೊಂಬೆ ಬೇಕಾ ಎಂದೆ, ಉತ್ತರವಿಲ್ಲ. ಕೊನೆಗೆ ಇಂಜೆಕ್ಷನ್ ಮಾಡು ಎಂದು ನನ್ನ ತೋಳನ್ನೇ ಚಾಚಿದೆ. ಶಿಕ್ಷಕಿಗೆ ಸೂಜಿ ಚುಚ್ಚುವ ಅವಕಾಶವನ್ನು ಯಾವ ಮಗುವೂ ಬಿಟ್ಟಿದ್ದಿಲ್ಲ. ಅವಳು ತೋಳನ್ನು ನೋಡಿದಳು, ನನ್ನನ್ನು ನೋಡಿದಳು, ಬಾಗಿಲಿನತ್ತ ಮುಖ ತಿರುಗಿಸಿದಳು.

ಅವಳನ್ನು ಕರೆತರುತ್ತಿದ್ದವಳು ಇನ್ನೂ ಎಳೆಯ ಹೆಂಗಸು. ಕಮತಗಿ ಊರಿನ ಮಗಳು, ಮನೆಯಲ್ಲಿ ಕುಪ್ಪಸ ಹೊಲಿಯುವ ಕೆಲಸ. ಅಳತೆಯ ಟೇಪನ್ನು ಕೊರಳಿನಿಂದ ತೆಗೆಯುವುದನ್ನು ಮರೆತು ಹಾಗೆಯೇ ಬಂದುಬಿಡುತ್ತಿದ್ದಳು. ಒಂದು ದಿನ ಹುಡುಗಿಯನ್ನು ಒಳಗೆ ಬಿಟ್ಟು ನನ್ನನ್ನು ಗೇಟಿನ ಹತ್ತಿರ ಕರೆದಳು.

"ನಾ ಹಡದಾಕಿ ಅಲ್ರಿ," ಎಂದಳು. "ಅಕಿ ಅವ್ವ ತೀರಿಕೊಂಡು ಎರಡು ವರ್ಷ ಆತು. ಅವತ್ತಿಂದ ತುಳಸಿಗೇರಿ ಕಡೆ ಅಜ್ಜನ ಹತ್ರ, ಕುರಿ ಹಟ್ಟ್ಯಾಗ ಬೆಳದಾಳ. ನಮ್ಮ ಲಗ್ನ ಆದಮ್ಯಾಲ ಇಲ್ಲಿ ಕರ್ಕೊಂಡು ಬಂದೀವ್ರಿ. ನನ್ನ ಜೋಡಿ ಒಂದು ಮಾತೂ ಆಡೂದಿಲ್ಲ. ನಿನ್ನಿ ಅವರಪ್ಪಗ ಕೇಳಾಕತ್ತಿದ್ಲು, 'ಇವರ ಮನ್ಯಾಗ ಇದ್ದದ್ದು ಸಾಕು, ನಮ್ಮ ಮನಿಗಿ ಯಾವಾಗ ಹೋಗೂದು' ಅಂತ."

ಅಪ್ಪ ಸಣ್ಣ ಸರಕಿನ ಗಾಡಿ ಓಡಿಸುತ್ತಾನೆ. ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಮಗಳು ಹೀಗೆ ಕೊರಗುವುದನ್ನು ನೋಡಲಾರದೆ ಅವನು ಹೇಳಿಬಿಟ್ಟಿದ್ದನಂತೆ: ದಸರಾ ಸೂಟಿಯವರೆಗೆ ನೋಡುವುದು, ಹೊಂದಿಕೊಳ್ಳದಿದ್ದರೆ ಅಜ್ಜನ ಹತ್ತಿರವೇ ಬಿಟ್ಟುಬರುವುದು.

"ಅವರದೂ ತಪ್ಪಿಲ್ರಿ. ಆದ್ರ ಒಮ್ಮಿ ಬಿಟ್ಟು ಬಂದ್ರ ಅಕಿ ಮತ್ತ ನಮ್ಮ ಕಡೆ ಬರೂದಿಲ್ಲ," ಎಂದು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನನಗ ಅಕಿ ಬೇಕ್ರಿ."

ಹೆತ್ತವರ ಬೇಡಿಕೆಗಳು ನನಗೆ ಹೊಸವಲ್ಲ. ನಮ್ಮವನಿಗೆ ಬರೆಯಲು ಕಲಿಸಿ, ನಮ್ಮವಳಿಗೆ ಚಪಾತಿ ತಿನ್ನಿಸಿ, ನಮ್ಮವನು ಮೂಗಿನಲ್ಲಿ ಬೆರಳಿಡದಂತೆ ನೋಡಿಕೊಳ್ಳಿ. ಇಂಥದ್ದನ್ನು ಯಾರೂ ಕೇಳಿರಲಿಲ್ಲ. ನೋಡೋಣ ಎಂದೆ. ನೋಡೋಣ ಎಂದರೆ ನನಗೇನೂ ತೋಚುತ್ತಿಲ್ಲ ಎಂದು ಅರ್ಥ, ಅದು ಅವಳಿಗೂ ತಿಳಿಯಿತು.

ಬಿಡುವ ಹೊತ್ತಿನಲ್ಲಿ ಅವರಿಬ್ಬರೂ ಮನೆಗೆ ಹೋಗುವುದನ್ನು ಒಮ್ಮೆ ನೋಡಿದವರು ಮರೆಯುವಂತಿರಲಿಲ್ಲ. ಅವಳು ಸ್ಕೂಟಿಯಲ್ಲಿ ಬರುತ್ತಿದ್ದಳು. ಹುಡುಗಿ ಸ್ಕೂಟಿ ಹತ್ತುತ್ತಿರಲಿಲ್ಲ. ಕೈ ಹಿಡಿಯುತ್ತಿರಲಿಲ್ಲ. ಹಾಗಾಗಿ ಅವಳು ಸ್ಕೂಟಿಯನ್ನು ತಳ್ಳಿಕೊಂಡು ಮುಂದೆ, ಹುಡುಗಿ ತನಗೂ ಇವಳಿಗೂ ಸಂಬಂಧವಿಲ್ಲ ಎನ್ನುವಷ್ಟು ದೂರದಲ್ಲಿ ಹಿಂದೆ. ದಾರಿಯಲ್ಲಿ ಸಿಕ್ಕ ಗಂಡಸರೆಲ್ಲ ದಿನವೂ "ಪೆಟ್ರೋಲ್ ಖಾಲಿ ಆತೇನ್ರಿ ಅಕ್ಕಾರ?" ಎಂದು ಕೇಳುವರು. ಅವಳು ದಿನವೂ "ಹೌದ್ರಿ" ಎನ್ನುವಳು. ಕೊನೆಗೆ ಮೂಲೆಯ ಕಿರಾಣಿ ಅಂಗಡಿಯವನು ಕರುಣೆ ಬಂದು ಬಾಟಲಿಯಲ್ಲಿ ಪೆಟ್ರೋಲ್ ತುಂಬಿಸಿಟ್ಟುಕೊಂಡು ಕಾದಿದ್ದನಂತೆ. ಅದನ್ನೂ ಹಾಕಿಸಿಕೊಂಡು, ನಮಸ್ಕಾರ ಹೇಳಿ, ಮತ್ತೆ ತಳ್ಳಿಕೊಂಡು ಹೋದಳಂತೆ. ಅವತ್ತಿನಿಂದ ಆ ಅಂಗಡಿಯವನು ಇವಳ ಬಗ್ಗೆ ಚಿಂತೆ ಮಾಡುವುದನ್ನು ಬಿಟ್ಟ.

ಆಮೇಲೆ ಒಂದು ಸೋಮವಾರ ಬಂತು. ನಮ್ಮ ಕೆಲಸದವರಿಗೆ ಗೊತ್ತು, ಸೋಮವಾರ ಅಳುವಿನ ವಾರ. ಎರಡು ದಿನ ಮನೆಯಲ್ಲಿ ಮುದ್ದು ಮಾಡಿಸಿಕೊಂಡು ಬಂದ ಮಕ್ಕಳಲ್ಲಿ ಒಂದು ಸುರುವಿಟ್ಟುಕೊಂಡರೆ ಸಾಕು, ಪಕ್ಕದ್ದಕ್ಕೂ ತನ್ನ ಅವ್ವ ನೆನಪಾಗುತ್ತಾಳೆ. ಅವತ್ತು ಕಾಲೇಜು ಉಪನ್ಯಾಸಕಿಯ ಮಗ ಬಾಗಿಲಲ್ಲೇ ಮಲಗಿ ಬಾಯಿ ತೆಗೆದ. ಅವನ ಹಿಂದೆ ಉಳಿದವರೆಲ್ಲ. ನಾನು ಹಾಡು ಹೇಳಿದೆ, ಕುಣಿದೆ, ಸೋಪಿನ ಗುಳ್ಳೆ ಊದಿದೆ. ಗುಳ್ಳೆ ಕಣ್ಣಿಗೆ ಬಿದ್ದು ಇನ್ನೊಂದು ಅಳುವಿಗೆ ಹೊಸ ಕಾರಣ ಸಿಕ್ಕಿತು. ಖಾಲಾ ಚಹಾ ಮುಗಿಸುತ್ತಿದ್ದಳು.

ಆಗ ಬಾಗಿಲ ಪಕ್ಕದಿಂದ ಒಂದು ಸದ್ದು ಬಂತು. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಉರುಳಿಸುವ, ಗಂಟಲಿನಿಂದ ಹೊರಡುವ ಗಟ್ಟಿ ಸದ್ದು. ಕುರಿ ಕಾಯುವವರು ಅಡವಿಯಲ್ಲಿ ಮಾಡುವಂಥದ್ದು. ಇಡೀ ವರ್ಗ ಒಮ್ಮೆಲೇ ಬಾಯಿ ಮುಚ್ಚಿತು, ನಾನೂ ಮುಚ್ಚಿದೆ. ಆ ಹುಡುಗಿ ಬಾಗಿಲು ಬಿಟ್ಟು ಒಳಗೆ ಬಂದು, ಒಬ್ಬೊಬ್ಬರ ಬೆನ್ನಿಗೂ ಅಂಗೈ ಹಚ್ಚಿ ಮೂಲೆಗೆ ತಳ್ಳಿದಳು. ಸುತ್ತಲೂ ಸಣ್ಣ ಕುರ್ಚಿಗಳನ್ನು ಉರುಳಿಸಿ ಬೇಲಿ ಹಾಕಿದಳು. ಸೊಂಟದ ಮೇಲೆ ಕೈಯಿಟ್ಟು, ನಮ್ಮ ಶಾಲೆಯಲ್ಲಿ ತನ್ನ ಮೊದಲ ಮಾತನ್ನು ಆಡಿದಳು.

"ಸುಮ್ಮ ಕುಂದರ್ರಿ. ನಿಮ್ಮ ಅವ್ವಗೋಳು ಮೇಯಾಕ ಹೋಗ್ಯಾವ. ಸಂಜಿಕ ಬರ್ತಾವ."

ಮಕ್ಕಳು ಇದನ್ನು ತಕ್ಷಣ ಒಪ್ಪಿಕೊಂಡರು. ಮಮ್ಮಿ ಆಫೀಸಿಗೆ ಹೋಗಿದ್ದಾಳೆ, ಮೀಟಿಂಗಿಗೆ ಹೋಗಿದ್ದಾಳೆ ಎಂದು ನಾನು ತಿಂಗಳುಗಟ್ಟಲೆ ಹೇಳಿದ್ದು ಯಾರಿಗೂ ತಿಳಿದಿರಲಿಲ್ಲ. ಮೇಯಲು ಹೋಗಿದ್ದಾಳೆ ಎಂದರೆ ಎಲ್ಲ ತಿಳಿಯಿತು. ಮೇಯಲು ಹೋದದ್ದು ಹೊಟ್ಟೆ ತುಂಬಿದ ಮೇಲೆ ಬಂದೇ ಬರುತ್ತದೆ. ಉಪನ್ಯಾಸಕಿಯ ಮಗ ಮೂಗು ಒರೆಸಿಕೊಂಡು ಬ್ಯಾ ಎಂದ. ಎಲ್ಲರೂ ಬ್ಯಾ ಎಂದರು. ಅವನು ಮನೆಗೆ ಹೋಗಿ ಅವ್ವನಿಗೆ, ಇವತ್ತು ಎಲ್ಲಿ ಮೇಯ್ದೆ ಎಂದು ಕೇಳಿದನಂತೆ. ಮರುದಿನ ಅವಳು ನನ್ನ ಹತ್ತಿರ ಬಂದಾಗ, ಭಾಷೆ ಬೆಳೆಯುವ ವಯಸ್ಸು ಮೇಡಂ ಎಂದೆ.

ಹುಡುಗಿ ಅವತ್ತಿನಿಂದ ನಮ್ಮ ಯಜಮಾನಿ. ನನಗೆ ಅಕ್ಕೋರ ಎನ್ನುತ್ತಿದ್ದಳು, ಉಳಿದವರಂತೆ ಮಿಸ್ ಎನ್ನುತ್ತಿರಲಿಲ್ಲ. ಆಟದ ನಿಯಮಗಳನ್ನು ಒಂದೊಂದಾಗಿ ತಿಳಿಸಿದಳು. ಮರಿಗಳು ಹಗಲೆಲ್ಲ ಹಟ್ಟಿಯಲ್ಲಿರಬೇಕು. ಕುರಿಗಳು ಅಡವಿಗೆ ಹೋಗಿ ಬರುತ್ತವೆ. ಮರಿಗಳ ಹಣೆಗೆ ಭಂಡಾರ ಹಚ್ಚಬೇಕು, ಹಚ್ಚಿದರೆ ಬೀರಪ್ಪ ಕಾಯುತ್ತಾನೆ. ಭಂಡಾರಕ್ಕೆ ಅರಿಶಿಣ ಎಲ್ಲಿಂದ ತರುವುದು ಎಂದು ನಾನು ಯೋಚಿಸುತ್ತಿರುವಾಗಲೇ ಖಾಲಾ ತನ್ನ ಮನೆಯಿಂದ ಒಂದು ಡಬ್ಬಿ ತಂದಳು. ಮೊದಲ ಬೊಟ್ಟು ಅವಳ ಹಣೆಗೇ ಬಿತ್ತು. "ಕಾಯೂ ದೇವ್ರು ಯಾವುದಾದ್ರೇನು, ಮಿಸ್. ಈ ಹುಡುಗ್ರನ್ನ ಕಾಯೂದಂದ್ರ ಇಬ್ಬರು ಬೇಕು," ಎಂದಳು.

ಮೇವಿನ ಸಂಗತಿಯೇ ಬೇರೆ. ಒಂದು ದಿನ ಖಾಲಾ ಸಂತೆಯಿಂದ ಮೆಂತ್ಯಪಲ್ಲೆಯ ಸಿವುಡು ತಂದು ಹಟ್ಟಿಯೊಳಗೆ ತಟ್ಟೆಯಲ್ಲಿಟ್ಟಳು. ಮನೆಯಲ್ಲಿ ಸೊಪ್ಪು ಕಂಡರೆ ದವಡೆ ಕಚ್ಚಿಕೊಳ್ಳುವ ಮಕ್ಕಳು ಕೈ ಹಿಂದೆ ಕಟ್ಟಿಕೊಂಡು, ಬಾಯಿ ಹಾಕಿ, ಹಸಿ ಮೆಂತ್ಯವನ್ನು ಕಾಂಡ ಸಮೇತ ಮೇಯ್ದವು. ಮುಂದಿನ ವಾರ ಒಬ್ಬ ತಾಯಿ ಕಣ್ಣಲ್ಲಿ ನೀರು ತುಂಬಿಕೊಂಡು ಬಂದಳು. ಮಗ ಈಗ ಪಲ್ಲೆ ತಿನ್ನುತ್ತಾನಂತೆ. ಆದರೆ ತಾಟಿಗೆ ಬಾಯಿ ಹಾಕಿಯೇ ತಿನ್ನುತ್ತಾನಂತೆ, ಬೀಗರ ಮನೆಯಲ್ಲೂ ಹಾಗೆಯೇ ತಿಂದನಂತೆ. ಅವಳ ಕಣ್ಣೀರು ಸಂತೋಷದ್ದೋ ಬೇರೆಯದೋ ನಾನು ಕೇಳಲಿಲ್ಲ.

ಇಷ್ಟರಲ್ಲೇ ನಿಂತಿದ್ದರೆ ಯಾರೂ ದೂರುತ್ತಿರಲಿಲ್ಲ. ತೊಂದರೆ ತಂದದ್ದು ಸಂಜೆ. ನಮ್ಮ ವರ್ಗದಲ್ಲಿ ಸಂಜೆ ಮಧ್ಯಾಹ್ನ ಹನ್ನೆರಡೂವರೆಗೆ ಆಗುತ್ತದೆ. ಕುರಿಗಳು ಅಡವಿಯಿಂದ ಬಂದಾಗ ಮರಿಗಳನ್ನು ಒಟ್ಟಿಗೆ ಬಿಡುತ್ತಾರಂತೆ. ಪ್ರತಿ ಮರಿಯೂ ಮೂಸಿ ನೋಡಿ ತನ್ನ ತಾಯಿಯನ್ನು ಹುಡುಕಿಕೊಳ್ಳಬೇಕು. ತಪ್ಪು ತಾಯಿಯ ಹತ್ತಿರ ಹೋದರೆ ಕಾಯುವವನು ಹಿಡಿದು ಸರಿಯಾದ ಕಡೆ ಬಿಡಬೇಕು. ಇದನ್ನು ಆ ಹುಡುಗಿ ಎಷ್ಟು ಕಟ್ಟುನಿಟ್ಟಾಗಿ ಜಾರಿಗೆ ತಂದಳೆಂದರೆ, ಮೂಸದೆ ಒಂದು ಮರಿಯೂ ಗೇಟು ದಾಟುವಂತಿರಲಿಲ್ಲ.

ಗೇಟಿನ ಹೊರಗೆ ಹೆತ್ತವರು ಸಾಲಾಗಿ ನಿಲ್ಲುತ್ತಿದ್ದರು. ಮಗು ಹೋಗಿ ಸೀರೆಯೋ ಪ್ಯಾಂಟೋ ಸಿಕ್ಕಲ್ಲಿ ಮೂಗಿಟ್ಟು, ಎರಡು ಸಲ ಉಸಿರೆಳೆದು, "ನಮ್ದು" ಎಂದರೆ ಹುಡುಗಿ ತಲೆಯಾಡಿಸಿ ಬಿಡುತ್ತಿದ್ದಳು. ಈರುಳ್ಳಿ ಹೆಚ್ಚಿ ಕೈ ಒರೆಸಿಕೊಂಡು ಓಡಿಬಂದ ತಾಯಂದಿರು ಬೇಗ ಪಾಸಾಗುತ್ತಿದ್ದರು. ಒಬ್ಬ ಅಜ್ಜಿಯ ನಶ್ಯದ ವಾಸನೆಗೆ ಮೊಮ್ಮಗನ ಜೊತೆ ಅಕ್ಕಪಕ್ಕದ ಮರಿಗಳೂ ಸೀನಿದವು. ಎಲ್ಲಕ್ಕಿಂತ ಕಷ್ಟಕ್ಕೆ ಸಿಕ್ಕವನು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಅಪ್ಪ. ಅವತ್ತು ಯಾವುದೋ ಮದುವೆಗೆ ಹೋಗಲಿಕ್ಕಿತ್ತು, ಹೊಸ ಸೆಂಟು ಹೊಡೆದುಕೊಂಡು ಬಂದಿದ್ದ. ಮಗಳು ಮೂಸಿದಳು. ಇನ್ನೊಮ್ಮೆ ಮೂಸಿದಳು. "ಇದು ನಮ್ದಲ್ಲ," ಎಂದು ತಿರುಗಿ ಹಟ್ಟಿಗೆ ಬಂದು ಕುಳಿತಳು.

"ಏ ಪುಟ್ಟಿ, ನಾನಽ ಅದೇನಿ, ನಿಮ್ಮ ಪಪ್ಪ," ಎಂದ.

"ಎಲ್ಲಾವೂ ಹಂಗಽ ಅಂತಾವ," ಎಂದು ನಮ್ಮ ಕುರಿ ಕಾಯುವವಳು ಗೇಟಿಗೆ ಅಡ್ಡ ನಿಂತಳು.

ನಾನು ನಡುವೆ ಹೋಗಬೇಕಿತ್ತು. ಆದರೆ ಆ ಮನುಷ್ಯ ಪ್ರತಿ ಪಾಲಕರ ಸಭೆಯಲ್ಲೂ ಎದ್ದು ನಿಂತು, ಆಡಿಸುವುದಕ್ಕೆ ಶಾಲೆ ಯಾಕೆ ಬೇಕು ಎಂದು ಕೇಳುವ ಗಿರಾಕಿ. ಸ್ವಲ್ಪ ಹೊತ್ತು ಬೆವರಲಿ ಎಂದು ಬಿಟ್ಟೆ. ಬೆವರಿದ ಮೇಲೆ ಸೆಂಟು ಇಳಿದು ಮಗಳಿಗೂ ಗುರುತು ಸಿಕ್ಕಿತು.

ಅವನು ನಮ್ಮ ಶಾಲೆ ನಡೆಸುವ ಮೇಡಂಗೆ ದೂರು ಕೊಟ್ಟ. ಮೇಡಂ ಮರುದಿನವೇ ಬಂದರು. ಬರುವಾಗ ಪ್ರವೇಶ ಕೇಳಲು ಬಂದಿದ್ದ ಒಬ್ಬ ಗಂಡ ಹೆಂಡತಿಯನ್ನೂ ಕರೆತಂದರು, ಆಟದಿಂದ ಕಲಿಕೆ ಹೇಗೆಂದು ತೋರಿಸಲು. ಒಳಗೆ ಕಾಲಿಟ್ಟರೆ ಹಳದಿ ಹಣೆಯ ಮಕ್ಕಳು ನೆಲದ ಮೇಲೆ ಮೂಲಂಗಿ ಸೊಪ್ಪು ಮೇಯುತ್ತಿದ್ದವು, ನಾನು ನಾಲ್ಕು ಕಾಲಿನ ಮೇಲೆ ನಿಂತಿದ್ದೆ. ಮುದಿ ಕುರಿಯ ಪಾತ್ರ ನನ್ನದು.

"ಏನ್ ಟೀಚರ್ ಇದು?" ಎಂದರು ಮೇಡಂ.

ನಾನು ಎದ್ದು ನಿಲ್ಲುವಷ್ಟರಲ್ಲಿ ಆ ಹುಡುಗಿ ಮೂವರ ಹಿಂದೆಯೂ ಹೋಗಿ, ಆ ನಾಲಿಗೆಯ ಸದ್ದು ಮಾಡಿ, ಅಂಗೈಯಿಂದ ಮೊಣಕಾಲಿನ ಹಿಂದೆ ತಳ್ಳಿದಳು. ಹೊಸ ಗಂಡ ಹೆಂಡತಿ ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಹಟ್ಟಿಯೊಳಗಿದ್ದರು. ಮೇಡಂ ಗಂಜಿ ಹಾಕಿದ ಇಳಕಲ್ ಸೀರೆ ಉಟ್ಟಿದ್ದರು, ಮಡಚಿ ಕೂರಲು ಕಷ್ಟ. ಆದರೂ ಕೂತರು. ಆ ಸದ್ದಿನಲ್ಲಿ ಏನೋ ಇತ್ತು, ವಿರೋಧಿಸಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಹಣೆಗೆ ಅರಿಶಿಣ ಹಚ್ಚಿಸಿಕೊಂಡು, ಬಾಯಿಗೆ ಹಿಡಿದ ಮೂಲಂಗಿ ಸೊಪ್ಪನ್ನು ಒಂದು ಎಲೆಯಷ್ಟು ತಿಂದರು ಕೂಡ. ಗಂಡ ಹೆಂಡತಿ ಅವತ್ತೇ ಮಗುವಿನ ಹೆಸರು ಹಚ್ಚಿಸಿದರು. ಮೇಡಂ ಮಾತ್ರ ಹೋಗುವಾಗ ಸೆರಗು ಸರಿಮಾಡಿಕೊಳ್ಳುತ್ತ, "ದಸರಾ ಸೂಟಿ ಆದಮ್ಯಾಲ ಈ ಮೂಸೂ ಆಟ ಬಂದ್ ಆಗಬೇಕ್ರಿ," ಎಂದರು. ಆಗಲಿ ಎಂದೆ. ದಸರೆಯ ನಂತರ ಆ ಹುಡುಗಿ ಇರುತ್ತಾಳೋ ಇಲ್ಲವೋ ಎಂಬ ಚಿಂತೆ ನನಗಿತ್ತು, ಮೂಸುವುದರದ್ದಲ್ಲ.

ಏಕೆಂದರೆ ಇಷ್ಟೆಲ್ಲ ಆದರೂ ಅಸಲು ಕೆಲಸ ಒಂದಿಂಚೂ ಮುಂದೆ ಹೋಗಿರಲಿಲ್ಲ. ಶಾಲೆಯಲ್ಲಿ ಬಾಯಿ ಮುಚ್ಚದ ಹುಡುಗಿ ಗೇಟಿನಲ್ಲಿ ಆ ಹೆಂಗಸನ್ನು ಕಂಡ ಕೂಡಲೇ ಮೂಕಿಯಾಗುತ್ತಿದ್ದಳು. ನೀನೂ ಮೂಸಿ ನೋಡು ಎಂದು ನಾನು ಒಮ್ಮೆ ಬುದ್ಧಿವಂತಿಕೆ ತೋರಿಸಿದೆ. "ನಾ ಮರಿ ಅಲ್ರಿ ಅಕ್ಕೋರ, ಕುರಿ ಕಾಯಾಕಿ," ಎಂದಳು. ಅಲ್ಲಿಗೆ ನನ್ನ ಬುದ್ಧಿವಂತಿಕೆ ಮುಗಿಯಿತು. ಹೊರಗೆ ನಿಂತವಳು ಅದನ್ನು ಕೇಳಿಸಿಕೊಂಡಳು. ಸ್ಕೂಟಿ ತಳ್ಳಿಕೊಂಡು ಹೋದಳು. ಆ ರಾತ್ರಿ ನನಗೆ ಅವಳ ಮೇಲೆ ಕನಿಕರ, ಅವಳ ಗಂಡನ ಮೇಲೆ ಸಿಟ್ಟು, ಆ ಹುಡುಗಿಯ ಮೇಲೆ ಮಾತ್ರ ಏನು ಮಾಡಿದರೂ ಸಿಟ್ಟು ಬರಲಿಲ್ಲ. ಎರಡು ವರ್ಷದವಳಿದ್ದಾಗ ಅವ್ವ ಹೋದಳು. ಬೆಚ್ಚಗಿನ ಹಟ್ಟಿಯೊಂದು ಸಿಕ್ಕಿತ್ತು, ಅದನ್ನೂ ಬಿಡಿಸಿ ತಂದಿದ್ದರು.

ಸೂಟಿಯ ಹಿಂದಿನ ದಿನ ಅಪ್ಪ ಬಂದ. ಸರಕಿನ ಗಾಡಿಯನ್ನು ಗೇಟಿನ ಎದುರು, ಊರ ಹೊರಗಿನ ರಸ್ತೆಗೆ ಮುಖಮಾಡಿ ನಿಲ್ಲಿಸಿದ್ದ. ಮುಂದಿನ ಸೀಟಿನಲ್ಲಿ ಹುಡುಗಿಯ ಬಟ್ಟೆಯ ಚೀಲ ಕಾಣುತ್ತಿತ್ತು. ಅವಳು, ಅಂದರೆ ಕಮತಗಿಯ ಹೆಂಗಸು, ಗಾಡಿಯ ಪಕ್ಕ ನಿಂತಿದ್ದಳು. ಅತ್ತ ಕಣ್ಣುಗಳು ಕೆಂಪಾಗಿದ್ದವು, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಿರಲಿಲ್ಲ.

ಹುಡುಗಿ ಎಂದಿನಂತೆ ಕೆಲಸದಲ್ಲಿದ್ದಳು. ಮರಿಗಳು ಒಂದೊಂದಾಗಿ ಮೂಸಿ, "ನಮ್ದು" ಎಂದು ಹೊರಟವು. ಬ್ಯಾಂಕಿನವನು ಸೆಂಟಿಲ್ಲದೆ ಬಂದಿದ್ದ. ನಶ್ಯದ ಅಜ್ಜಿ ಹೋದಳು. ಹಟ್ಟಿ ಖಾಲಿಯಾಯಿತು.

"ಬಾರವ್ವಾ, ಅಜ್ಜನ ಕಡೆ ಹೋಗೂಣು," ಎಂದು ಅಪ್ಪ ಕೈ ಚಾಚಿದ.

ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಅವಳು ಒಂದು ಹೆಜ್ಜೆ ಇಟ್ಟಳು.

ಅಷ್ಟರಲ್ಲಿ ಆ ಹೆಂಗಸು ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮೆಲ್ಲರನ್ನೂ ದಾಟಿ ಒಳಗೆ ಬಂದಳು. ಮೂಲೆಗೆ ಹೋದಳು. ಉರುಳಿಸಿದ ಕುರ್ಚಿಗಳನ್ನು ದಾಟಿ ಹಟ್ಟಿಯೊಳಗೆ ಮೊಣಕಾಲೂರಿ ಕೂತಳು. ಕೂತು ಬ್ಯಾ ಎಂದಳು. ಅದು ಒಳ್ಳೆಯ ಬ್ಯಾ ಏನಲ್ಲ. ನಡುವೆ ಧ್ವನಿ ಒಡೆದು ಹೋಯಿತು. ಗೇಟಿನಲ್ಲಿ ಇನ್ನೂ ಉಳಿದಿದ್ದ ಇಬ್ಬರು ತಾಯಂದಿರು ನಕ್ಕರು, ಖಾಲಾ ತಿರುಗಿ ಆ ಇಬ್ಬರನ್ನೂ ಒಮ್ಮೆ ನೋಡಿದ ಮೇಲೆ ನಗು ನಿಲ್ಲಿಸಿದರು.

ಹುಡುಗಿ ತಿರುಗಿದಳು. ಅವಳಿಗೆ ಸಿಟ್ಟು ಬಂದಂತಿತ್ತು. ಎಲ್ಲ ಮರಿ ಬಿಟ್ಟೆ ಎಂದುಕೊಂಡ ಮೇಲೆ ಒಂದು ಉಳಿದಿದ್ದರೆ ಕಾಯುವವಳಿಗೆ ಅವಮಾನವಲ್ಲವೇ. ಅಪ್ಪನಿಗೆ, "ತಡಿ, ಇನ್ನೊಂದು ಐತಿ," ಎಂದು ಹೇಳಿ ಒಳಗೆ ಬಂದಳು. ಹಟ್ಟಿಯ ಮುಂದೆ ನಿಂತು ಗೇಟಿನತ್ತ ನೋಡಿದಳು. ಈ ಮರಿಯನ್ನು ಕರೆದೊಯ್ಯಲು ಯಾರೂ ಬರಲಿಲ್ಲ.

"ಇದರ ಅವ್ವ ಎಲ್ಲಿ?" ಎಂದು ನನ್ನನ್ನು ಕೇಳಿದಳು.

ಹಟ್ಟಿಯೊಳಗಿನಿಂದಲೇ ಉತ್ತರ ಬಂತು. "ನನಗ ಇಲ್ಲಿ ಯಾರೂ ಇಲ್ರಿ."

ಹಟ್ಟಿಯೊಳಗೆ ಮರಿಗಳು ಮಾತಾಡುವಂತಿಲ್ಲ, ಅದು ನಿಯಮ. ಹುಡುಗಿ ಅದನ್ನು ಅವತ್ತು ಬಿಟ್ಟುಕೊಟ್ಟಳು. ಬಗ್ಗಿ ಅವಳ ತಲೆ ಮೂಸಿದಳು. ಕತ್ತು ಮೂಸಿದಳು, ಅಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು. ಕೈಗಳನ್ನು ಎತ್ತಿ ಒಂದೊಂದೇ ಬೆರಳು ಮೂಸಿದಳು. ಯಾವ ಮರಿಯೂ ತನ್ನ ತಾಯಿಯನ್ನು ಇಷ್ಟು ನಿಧಾನವಾಗಿ ಮೂಸಿರಲಿಲ್ಲ. ಗೇಟಿನ ಹತ್ತಿರ ಅಪ್ಪ ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೆಯೇ ಇಟ್ಟುಕೊಂಡಿದ್ದ.

"ಮಷಿನ್ ಎಣ್ಣಿ ವಾಸನಿ," ಎಂದು ಹುಡುಗಿ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು. "ಇದು ನಮ್ಮನೀದು."

ಅಪ್ಪ ಚಾಚಿದ ಕೈ ಇಳಿಸಿ ಕೇಳಿದ. "ಹಂಗಾರ ಅಜ್ಜನ ಕಡೆ?"

"ಅವ್ವ ಇಲ್ದ ಮರಿ ಅಷ್ಟು ದೂರ ನಡಸಬಾರದು. ಅಜ್ಜ ಬೈತಾನ. ಮೊದಲ ಮನಿಗಿ ಒಯ್ಯಬೇಕು."

"ಯಾವ ಮನಿಗಿ?"

ದೊಡ್ಡವರ ದಡ್ಡತನ ಕಂಡಾಗ ಅವಳು ಮಾಡುವ ಮುಖ ನನಗೆ ಚೆನ್ನಾಗಿ ಗೊತ್ತು, ನನಗೇ ಎಷ್ಟೋ ಸಲ ಸಿಕ್ಕಿದೆ. "ನಮ್ಮ ಮನಿಗಿ," ಎಂದಳು. "ಹೊಲಿಗಿ ಮಷಿನ್ ಐತಲ್ಲ, ಆ ಮನಿಗಿ."

ನನಗೆ ಅಳು ಬಂತು. ಮುಖ್ಯ ಶಿಕ್ಷಕಿ ಅಳಬಾರದು ಎಂದು ಎಲ್ಲಿಯೂ ಬರೆದಿಲ್ಲ, ಹಾಗಾಗಿ ಅತ್ತೆ. ಹುಡುಗಿ ಕುರ್ಚಿ ಸರಿಸಿ ದಾರಿ ಮಾಡಿದಳು. ಮರಿ ನಾಲ್ಕು ಕಾಲಿನ ಮೇಲೆಯೇ ಹಟ್ಟಿಯಿಂದ ಹೊರಬಂತು, ಬಾಗಿಲು ದಾಟಿತು, ಅಂಗಳ ದಾಟಿತು. ಮೊಣಕಾಲಿನ ಹತ್ತಿರ ಸೀರೆ ಪೂರ್ತಿ ಮರಳು. ಆಟ ಮುಗಿಯಿತು ಎಂದು ಯಾರೂ ಹೇಳಿರಲಿಲ್ಲ, ಎದ್ದು ನಿಂತರೆ ಎಲ್ಲಿ ಕೆಡುತ್ತದೋ ಎಂಬ ಭಯ ಅವಳಿಗೆ. ಗೇಟಿನ ಆಚೆ ಮಧ್ಯಾಹ್ನದ ಬಿಸಿಲಿಗೆ ಡಾಂಬರು ಕಾದಿತ್ತು. ಅವಳು ಅದರ ಮೇಲೂ ಅಂಗೈಯೂರಲು ಹೋದಳು.

"ಏಳು, ರಸ್ತಾ ಕಾದೈತಿ," ಎಂದಳು ಹುಡುಗಿ. ಅವಳು ಎದ್ದು ನಿಂತಳು. ಹುಡುಗಿ ರಸ್ತೆಯ ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಆಮೇಲೆ ಕೈ ಮೇಲೆತ್ತಿ ಚಾಚಿದಳು.

"ಕೈ ಹಿಡಕೋ. ಗಾಡಿ ಬರ್ತಾವ."